ಹುಟ್ಟಿನಿಂದ ಬಂದದ್ದನ್ನು ತಪ್ಪಿಸಲಾಗುತ್ತದೆಯೇ ಎಂದು ಕೇಳಿದ ಅಮ್ಮನಿಗೆ

ಬರ್ಮಿಂಗ್‌ಹ್ಯಾಮ್

ತೀರ್ಥರೂಪು ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗಳ ನಮಸ್ಕಾರಗಳು.

ನಾನು ಕ್ಷೇಮ. ಈ ಅವಧಿಯಲ್ಲಿ ಮಾನವ ತಳಿವಿಜ್ಞಾನ ಓದುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ, ಅಮ್ಮ, ನೀನು ಕೇಳಿದ್ದು ಒಂದೇ ಮಾತು: "ಹುಟ್ಟಿನಿಂದ ಬಂದದ್ದನ್ನು ತಪ್ಪಿಸಲಾಗುತ್ತದೆಯೇ? ಕಂಡುಹಿಡಿದರೂ ಡಾಕ್ಟರು ಮಾಡುವುದೇನು?" ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಅದು. ಅದಕ್ಕೇ ಈ ಪತ್ರ.

ಈ ದೇಶದಲ್ಲಿ ಮಗು ಹುಟ್ಟಿದ ಐದನೆಯ ದಿನದ ಹೊತ್ತಿಗೆ ದಾದಿಯರು ಅದರ ಹಿಮ್ಮಡಿಗೆ ಸಣ್ಣದಾಗಿ ಚುಚ್ಚಿ, ಒಂದು ದಪ್ಪ ಕಾಗದದ ಮೇಲಿನ ನಾಲ್ಕು ವೃತ್ತಗಳಿಗೆ ನಾಲ್ಕು ತೊಟ್ಟು ರಕ್ತ ಹಿಡಿಯುತ್ತಾರೆ. ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. ತೊಟ್ಟು ತಾನಾಗಿ ಇಳಿದು, ವೃತ್ತ ತುಂಬಿ, ಕಾಗದದ ಹಿಂಬದಿಗೂ ಇಳಿಯಬೇಕು. ಅರ್ಧ ತುಂಬಿದರೆ ಮತ್ತೆ ಚುಚ್ಚಬೇಕಾಗುತ್ತದೆ. ಮಗು ಚೀರಿತು, ತಾಯಿ ಎದೆಗೆ ಒತ್ತಿಕೊಂಡಳು, ಅಷ್ಟರಲ್ಲಿ ಕೆಲಸ ಮುಗಿದಿತ್ತು. ಆ ಕಾಗದದಲ್ಲಿ ಹುಡುಕುವ ಅಪರೂಪದ ಕಾಯಿಲೆಗಳಲ್ಲಿ ಫಿನೈಲ್‌ಕೀಟೋನೂರಿಯಾ ಒಂದು.

ನಾವು ತಿನ್ನುವ ಪ್ರೋಟೀನಿನಲ್ಲಿ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲ ಇರುತ್ತದೆ. ಯಕೃತ್ತಿನ ಒಂದು ಕಿಣ್ವ ಅದನ್ನು ಮಾರ್ಪಡಿಸುತ್ತದೆ. ಆ ಕಿಣ್ವಕ್ಕೆ ಬೇಕಾದ ವಂಶವಾಹಿ 12ನೆಯ ವರ್ಣತಂತುವಿನಲ್ಲಿದೆ. ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ ಎರಡೂ ಕೆಟ್ಟಿದ್ದರೆ ಫಿನೈಲ್‌ಅಲನಿನ್ ರಕ್ತದಲ್ಲಿ ಏರುತ್ತಾ ಹೋಗಿ ಮಿದುಳನ್ನು ಹಾಳುಮಾಡುತ್ತದೆ. ಹುಟ್ಟಿದಾಗ ಮಗು ನೋಡಲು ಆರೋಗ್ಯವಾಗಿಯೇ ಇರುತ್ತದೆ. ತಿಂಗಳುಗಳು ಕಳೆದಂತೆ ಕಲಿಯುವುದು ನಿಲ್ಲುತ್ತದೆ.

ಇದು ಬೆಳಕಿಗೆ ಬಂದದ್ದು ನಾರ್ವೆಯ ಒಬ್ಬ ತಾಯಿಯಿಂದ. ಅವರ ಇಬ್ಬರು ಮಕ್ಕಳೂ ಬುದ್ಧಿ ಬೆಳೆಯದೆ ಉಳಿದಿದ್ದರು, ಮೂತ್ರಕ್ಕೆ ಒಂದು ಬಗೆಯ ಮುಗ್ಗಲು ವಾಸನೆ ಇತ್ತು. ಎಷ್ಟು ವೈದ್ಯರ ಬಳಿ ಹೋದರೂ ಉತ್ತರ ಸಿಗಲಿಲ್ಲ, ಆಕೆ ಬಿಡಲೂ ಇಲ್ಲ. ಕೊನೆಗೆ 1934ರಲ್ಲಿ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು ಆ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದರು. ಬಣ್ಣ ಹಸಿರಾಯಿತು. ಅವರು ಎಂದೂ ಕಂಡಿರದ ಬಣ್ಣ ಅದು. ಕಾಯಿಲೆ ಗೊತ್ತಾಯಿತು, ಆದರೆ ಆ ಮಕ್ಕಳಿಗೆ ಕಾಲ ಮಿಂಚಿತ್ತು.

ಚಿಕಿತ್ಸೆ ಸಿಕ್ಕಿದ್ದು ಇದೇ ಊರಿನಲ್ಲಿ, ಇಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ. 1951ರ ಸುಮಾರಿಗೆ ನಿಲ್ಲಲೂ ಬಾರದ, ಸದಾ ಅಳುತ್ತಾ ತಲೆ ಬಡಿದುಕೊಳ್ಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳನ್ನು ಅಲ್ಲಿಗೆ ಕರೆತಂದರು. ಇದಕ್ಕೆ ಮದ್ದಿಲ್ಲ ಎಂದರೂ ಅವಳ ತಾಯಿ ಒಪ್ಪಲಿಲ್ಲ; ದಿನಾ ಬೆಳಗ್ಗೆ ಪ್ರಯೋಗಾಲಯದ ಮುಂದೆ ಕಾದು ನಿಂತು ಹೊರ್ಸ್ಟ್ ಬಿಕೆಲ್ ಎಂಬ ವೈದ್ಯರನ್ನು ಕೇಳುತ್ತಿದ್ದರು. ಬಿಕೆಲ್, ಜಾನ್ ಜೆರಾರ್ಡ್, ಎವೆಲಿನ್ ಹಿಕ್‌ಮನ್ಸ್ ಮೂವರೂ ಸೇರಿ ಹಾಲಿನ ಪ್ರೋಟೀನನ್ನು ಒಡೆದು, ಇದ್ದಿಲಿನ ಮೂಲಕ ಸೋಸಿ, ಫಿನೈಲ್‌ಅಲನಿನ್ ಇಲ್ಲದ ಆಹಾರ ತಯಾರಿಸಿದರು. ಕೆಲವು ತಿಂಗಳಲ್ಲಿ ಹುಡುಗಿ ಅಂಬೆಗಾಲಿಟ್ಟಳು, ನಿಲ್ಲಲು ಕಲಿತಳು, ತಲೆ ಬಡಿದುಕೊಳ್ಳುವುದು ನಿಂತಿತು. ನಿಜವಾಗಿಯೂ ಆಹಾರದಿಂದಲೇ ಆಯಿತೇ ಎಂದು ನೋಡಲು, ತಾಯಿಗೆ ತಿಳಿಸದೆ ಅದರಲ್ಲಿ ಮತ್ತೆ ಫಿನೈಲ್‌ಅಲನಿನ್ ಬೆರೆಸಿದರು. ಮಗು ಕೂಡಲೇ ಹಿಂದಕ್ಕೆ ಜಾರಿತು. ಆ ಪರೀಕ್ಷೆಯಿಂದಲೇ ಜಗತ್ತು ನಂಬಿತು ಎಂಬುದು ನಿಜ. ಆದರೂ ತಾಯಿಗೆ ಹೇಳದೆ ಮಾಡಿದ್ದನ್ನು ನನ್ನ ಮನಸ್ಸು ಒಪ್ಪುವುದಿಲ್ಲ.

ಅಮ್ಮ, ನಿನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ. ಆ ಹುಡುಗಿಯ ವಂಶವಾಹಿಯನ್ನು ಯಾರೂ ಮುಟ್ಟಲಿಲ್ಲ. ಬದಲಾದದ್ದು ಬಟ್ಟಲಿನ ಆಹಾರ. ಹುಟ್ಟಿದ ಕೆಲವೇ ದಿನಗಳಲ್ಲಿ ಕಾಯಿಲೆ ಗೊತ್ತಾಗಿ ಪಥ್ಯ ಆರಂಭವಾದ ಮಕ್ಕಳು ಈಗ ಎಲ್ಲರಂತೆ ಓದುತ್ತಾರೆ, ದುಡಿಯುತ್ತಾರೆ. ಪಥ್ಯ ಸುಲಭದ್ದಲ್ಲ, ಜೀವನಪೂರ್ತಿ ನಡೆಯಬೇಕು. ಎಲ್ಲ ಕಾಯಿಲೆಗೂ ಹೀಗೆ ದಾರಿ ಸಿಕ್ಕಿಲ್ಲ ಎಂಬುದನ್ನೂ ಹೇಳಬೇಕು. ಮಿದುಳನ್ನು ನಿಧಾನವಾಗಿ ಹಾಳುಮಾಡುವ ಹಂಟಿಂಗ್ಟನ್ ಕಾಯಿಲೆಯ ವಂಶವಾಹಿ 1993ರಲ್ಲೇ ಪತ್ತೆಯಾದರೂ ಅದನ್ನು ವಾಸಿಮಾಡುವ ಚಿಕಿತ್ಸೆ ಇಲ್ಲ. ಅಂಥ ಮನೆಯವರು ಪರೀಕ್ಷೆಯೇ ಬೇಡ ಎಂದರೆ ಅದು ಅವರ ಹಕ್ಕು.

ತಳಿ ಸಲಹಾ ಚಿಕಿತ್ಸಾಲಯದಲ್ಲಿ ಒಬ್ಬ ತಾಯಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ನಾನು ಬಸುರಿಯಾಗಿದ್ದಾಗ ಏನು ತಪ್ಪು ಮಾಡಿದೆ?" ವೈದ್ಯೆ ಹಾಳೆಯ ಮೇಲೆ ವಂಶವೃಕ್ಷ ಬರೆದರು. ಗಂಡನಿಗೆ ಚೌಕ, ಹೆಂಡತಿಗೆ ವೃತ್ತ, ಎರಡಕ್ಕೂ ಅರ್ಧರ್ಧ ಕಪ್ಪು. ಇಬ್ಬರೂ ವಾಹಕರು, ಅಂದರೆ ಒಂದು ಕೆಟ್ಟ ಪ್ರತಿ, ಒಂದು ಒಳ್ಳೆಯ ಪ್ರತಿ ಹೊತ್ತವರು, ಇಬ್ಬರಿಗೂ ಕಾಯಿಲೆ ಇಲ್ಲ, ಇಬ್ಬರಲ್ಲಿ ಯಾರೂ ಏನೂ ಮಾಡಿಲ್ಲ. ಆಕೆ ಆ ಹಾಳೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡರು. ಮಗುವಿಗೆ ಏನಾದರೂ ಆದರೆ ಮೊದಲು ತಾಯಿಯ ಕಡೆಗೇ ಬೆರಳು ತೋರಿಸುವವರಿಗೆಲ್ಲ ಆ ಚಿತ್ರ ಬಿಡಿಸಿ ತೋರಿಸಬೇಕು ಎನ್ನಿಸುತ್ತದೆ ನನಗೆ.

ಅಪ್ಪ, ಇನ್ನು ನಿಮ್ಮ ಪಾಲಿನದು. ರಾಮಾನುಜನ್ ಅವರನ್ನು ಕೇಂಬ್ರಿಡ್ಜ್‌ಗೆ ಕರೆಸಿಕೊಂಡ ಹಾರ್ಡಿ ನಮ್ಮ ಪಠ್ಯದಲ್ಲೂ ಇದ್ದಾರೆ! 1908ರಲ್ಲಿ ಅವರೂ ಜರ್ಮನಿಯ ವೈನ್‌ಬರ್ಗ್ ಎಂಬ ವೈದ್ಯರೂ ಬೇರೆ ಬೇರೆಯಾಗಿ ಕಂಡುಕೊಂಡ ಸೂತ್ರ ನಿಮ್ಮ ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತಿರುವ (a + b)² ಎಂಬ ವರ್ಗದ ವಿಸ್ತರಣೆ. ಇಲ್ಲಿ ಸುಮಾರು 10,000 ಮಕ್ಕಳಲ್ಲಿ ಒಬ್ಬರಿಗೆ ಫಿನೈಲ್‌ಕೀಟೋನೂರಿಯಾ ಇರುತ್ತದೆ. ಕಾಯಿಲೆಗೆ ಎರಡೂ ಪ್ರತಿ ಕೆಟ್ಟಿರಬೇಕಾದ್ದರಿಂದ, ಕೆಟ್ಟ ಪ್ರತಿಯ ಪ್ರಮಾಣ ಅದರ ವರ್ಗಮೂಲ, ನೂರಕ್ಕೆ ಒಂದು. ವಾಹಕರು ಅದರ ಎರಡರಷ್ಟು, ಐವತ್ತಕ್ಕೆ ಒಬ್ಬರು. ಕಾಯಿಲೆ ಅಷ್ಟು ಅಪರೂಪ, ಹೊತ್ತವರು ಇಷ್ಟು ಜನ!

ಒಂದು ಲೆಕ್ಕ ಕಳುಹಿಸುತ್ತಿದ್ದೇನೆ. ತಂಗಿಗೆ ಈ ಕಾಯಿಲೆ ಇದೆ, ಅಣ್ಣ ಆರೋಗ್ಯವಂತ. ಅವನು ಸಂಬಂಧವಿಲ್ಲದ ಕುಟುಂಬದ ಹುಡುಗಿಯನ್ನು ಮದುವೆಯಾದರೆ ಮಗುವಿಗೆ ಕಾಯಿಲೆ ಬರುವ ಸಂಭವ ಎಷ್ಟು? ನಮ್ಮ ತರಗತಿಯಲ್ಲಿ ಹಲವರು ನಾನೂರಕ್ಕೆ ಒಂದು ಎಂದರು. ಸರಿಯುತ್ತರ ಮುನ್ನೂರಕ್ಕೆ ಒಂದು. ಅಣ್ಣನಿಗೆ ಕಾಯಿಲೆ ಇಲ್ಲ ಎಂಬುದು ನಮಗೆ ಮೊದಲೇ ಗೊತ್ತಿದೆ ಎಂಬುದಷ್ಟೇ ಸುಳಿವು. ಬಿಡಿಸಿ, ಅಮ್ಮನಿಗೂ ವಿವರಿಸಿ, ಹಂತಗಳನ್ನೆಲ್ಲ ಬರೆದು ಕಳುಹಿಸಿ.

ಇತಿ,
ನಿಮ್ಮ ಪ್ರೀತಿಯ ಮಗಳು