ಬಂಡೆಗೆ ಕಣ್ಣು ಬರೆಸಿದವನ ಹೆಸರು

ಮಾನ್ಯ ಸಂಪಾದಕರೇ,

ದಕ್ಷಿಣ ಆಫ್ರಿಕದ ನಾಟಕಕಾರ ಅಥೊಲ್ ಫುಗಾರ್ಡ್ ಅವರ ‘ದಿ ಪೇಂಟೆಡ್ ರಾಕ್ಸ್ ಅಟ್ ರಿವಾಲ್ವರ್ ಕ್ರೀಕ್’ ನಾಟಕವನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. 2015ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಬಾರಿಗೆ ರಂಗಕ್ಕೆ ಬಂದ ಈ ನಾಟಕಕ್ಕೆ ಕನ್ನಡ ಪತ್ರಿಕೆಯೊಂದು ಅಷ್ಟು ಜಾಗ ಕೊಟ್ಟದ್ದು ಸಂತೋಷದ ಸಂಗತಿ. ಆದರೆ ಲೇಖಕರು ಅದನ್ನು ‘ಕ್ಷಮೆಯ ನಾಟಕ’ ಎಂದು ಕರೆದು ಮಾತು ಮುಗಿಸಿರುವುದನ್ನು ಒಪ್ಪಲು ನನ್ನಿಂದಾಗಲಿಲ್ಲ. ಹಲವು ಸಲ ಓದಿದ ಮೇಲೂ ಅದು ನನಗೆ ಹಕ್ಕಿನ ನಾಟಕವಾಗಿಯೇ ಕಾಣುತ್ತದೆ. ಬೇರೆಯವರ ಒಡೆತನದ ನೆಲದಲ್ಲಿ, ಕೂಲಿಯಾಳೊಬ್ಬ ಬಂಡೆಯ ಮೇಲೆ ಬರೆದ ಚಿತ್ರ ಯಾರಿಗೆ ಸೇರಿದ್ದು ಎಂಬುದೇ ಅದರ ಪ್ರಶ್ನೆ.

ಮೊದಲ ಅಂಕ ನಡೆಯುವುದು 1981ರಲ್ಲಿ, ಇಂದು ಎಂಪುಮಲಾಂಗ ಎಂದು ಕರೆಯುವ ಪ್ರಾಂತ್ಯದ ಒಂದು ತೋಟದಲ್ಲಿ. ಮುದುಕನಾದ ಕರಿಯ ಕೂಲಿಯಾಳು ನುಕೈನ್ ಗುಡ್ಡದ ಬಂಡೆಗಳಿಗೆ ವರ್ಷಗಳಿಂದ ಹೂಗಳನ್ನು ಬರೆಯುತ್ತ ಬಂದಿದ್ದಾನೆ. ಎಲ್ಲಕ್ಕಿಂತ ದೊಡ್ಡ ಬಂಡೆಯೊಂದು ಮಾತ್ರ ಬಣ್ಣ ಕಾಣದೆ ಉಳಿದಿದೆ. ಅದರ ಮುಂದೆ ನಿಂತಾಗಲೆಲ್ಲ ಅವನ ಕೈ ಏಳುವುದಿಲ್ಲ. ಕೊನೆಗೆ ಬೊಕಿ ಎಂಬ ಹುಡುಗನ ನೆರವಿನಿಂದ ಅವನು ಆ ಬಂಡೆಗೆ ಬರೆಸುವುದು ಹೂವನ್ನಲ್ಲ, ಎರಡು ಕಣ್ಣುಗಳನ್ನು. ಆಮೇಲೆ ಅವನ ಬದುಕಿನ ಕಥೆಯೇ ಆ ಕಲ್ಲಿನ ಮೇಲೆ ಮೂಡುತ್ತದೆ. ತೋಟದ ಬಿಳಿಯ ಒಡತಿ ಎಲ್ಮರಿ ಬಂದು ನೋಡುತ್ತಾಳೆ. ಅಲ್ಲಿಯವರೆಗೆ ಅವನ ಹೂಗಳನ್ನು ಮೆಚ್ಚಿದ್ದವಳು ಈಗ, ಇದನ್ನು ತೊಳೆದುಹಾಕಿ ಇನ್ನೊಂದು ಹೂವನ್ನೇ ಬರೆ ಎನ್ನುತ್ತಾಳೆ.

ಈ ಮಾತಿನ ಹಿಂದಿನ ಭಾರ ತಿಳಿಯಬೇಕಾದರೆ ಆ ಕಾಲದ ಕಾನೂನನ್ನು ನೆನೆಯಬೇಕು. ಹದಿನಾರು ತುಂಬಿದ ಪ್ರತಿಯೊಬ್ಬ ಕರಿಯನೂ ತನ್ನ ಭಾವಚಿತ್ರವಿದ್ದ, ಧಣಿಯ ಸಹಿ ಬಿದ್ದ ಪಾಸ್ ಪುಸ್ತಕವನ್ನು ಸದಾ ಜೇಬಿನಲ್ಲಿಟ್ಟುಕೊಂಡೇ ತಿರುಗಬೇಕಿತ್ತು. ಆ ಕಾನೂನು ರದ್ದಾದದ್ದು 1986ರಲ್ಲಿ. ನೀನು ಯಾರು ಎಂಬ ಪ್ರಶ್ನೆಗೆ ಸರ್ಕಾರವೇ ಬರೆದುಕೊಟ್ಟ ಉತ್ತರ ಆ ಪುಸ್ತಕ. ಹಾಗಿರುವಾಗ ಅಕ್ಷರ ಬಾರದ ಮುದುಕನೊಬ್ಬ ‘ನಾನು ಇವನು’ ಎಂದು ಬಂಡೆಯ ಮೇಲೆ ತಾನೇ ಬರೆಸಿದ್ದು ಒಡತಿಗೆ ಅಲಂಕಾರವಾಗಿ ಕಾಣುವುದು ಸಾಧ್ಯವಿರಲಿಲ್ಲ. ಹೂವು ಅವಳ ತೋಟಕ್ಕೆ ಸೇರುತ್ತದೆ, ಕಣ್ಣು ಅವಳನ್ನೇ ನೋಡುತ್ತದೆ.

ಎರಡನೆಯ ಅಂಕ 2003ರದು. ವರ್ಣಭೇದ ಆಡಳಿತ ಕೊನೆಗೊಂಡು ಒಂಬತ್ತು ವರ್ಷಗಳಾಗಿವೆ. ಬೊಕಿ ಈಗ ಜೊನಾಥನ್ ಎಂಬ ಹೆಸರಿನ ಶಿಕ್ಷಕ. ಮಾಸಿಹೋದ ಆ ಬಂಡೆಗೆ ಮತ್ತೆ ಬಣ್ಣ ಹಚ್ಚಲು ಬಂದವನಿಗೆ ಎದುರಾಗುವುದು ಬಂದೂಕು ಹಿಡಿದ ಎಲ್ಮರಿ. ತೋಟಗಳ ಮೇಲೆ ನಡೆಯುತ್ತಿರುವ ದಾಳಿಗಳಿಂದ ಅವಳು ಕಂಗಾಲಾಗಿದ್ದಾಳೆ. ಅವಳ ಭಯಕ್ಕೆ ನಾಟಕಕಾರರು ಧಾರಾಳವಾಗಿ ಮಾತು ಕೊಟ್ಟಿದ್ದಾರೆ. ಅದು ಅತಿಯಾಯಿತು ಎನ್ನುವವರಿದ್ದಾರೆ. ನನಗೆ ಹಾಗನಿಸದು. ಅವಳ ಭಯ ಸುಳ್ಳಲ್ಲ, ಆದರೆ ಆ ಭಯದಷ್ಟೇ ನಿಜವಾದದ್ದು ಅವಳ ಕೈಯಲ್ಲಿರುವ ಜಮೀನಿನ ಹಕ್ಕುಪತ್ರ. 1994ರಲ್ಲಿ ಮತದಾನದ ಹಕ್ಕು ಎಲ್ಲರದಾಯಿತು, ನೆಲ ಆಗಲಿಲ್ಲ. ವ್ಯಕ್ತಿಗಳ ಹೆಸರಿನಲ್ಲಿರುವ ಕೃಷಿಭೂಮಿಯಲ್ಲಿ ಶೇ 72ರಷ್ಟು ಬಿಳಿಯರ ಒಡೆತನದಲ್ಲಿಯೇ ಇದೆ ಎಂಬುದು ಆ ದೇಶದ ಸರ್ಕಾರವೇ ನಡೆಸಿದ 2017ರ ಭೂ ಲೆಕ್ಕಪರಿಶೋಧನೆಯಲ್ಲಿ ಕಂಡ ಸಂಗತಿ. ಒಂದು ಕಲ್ಲಿಗೆ ಬಣ್ಣ ಹಚ್ಚಲು ಸ್ವತಂತ್ರ ನಾಡಿನ ಪ್ರಜೆಯೊಬ್ಬ ಇನ್ನೂ ಅನುಮತಿ ಬೇಡಬೇಕಾಗಿರುವ ಆ ದೃಶ್ಯವನ್ನು ‘ಕ್ಷಮೆ’ ಎಂಬ ಒಂದೇ ಪದದಲ್ಲಿ ಕಟ್ಟಿಹಾಕುವುದು ನಾಟಕಕ್ಕೂ ನ್ಯಾಯವಲ್ಲ, ಆ ಮುದುಕನಿಗೂ ನ್ಯಾಯವಲ್ಲ.

ನನ್ನನ್ನು ನಿಜಕ್ಕೂ ನೋಯಿಸಿದ್ದು ಇನ್ನೊಂದು ಸಂಗತಿ. ನುಕೈನ್ ಬರಿಯ ಕಲ್ಪನೆಯ ಪಾತ್ರವಲ್ಲ. ಬಾರ್ಬರ್ಟನ್ ಸಮೀಪದ ರಿವಾಲ್ವರ್ ಕ್ರೀಕ್‌ನಲ್ಲಿ ತೋಟದ ಕೂಲಿಯಾಗಿದ್ದುಕೊಂಡು, ಯಾರೂ ಕಲಿಸದೆ, ಯಾರೂ ಕೇಳದೆ, ಗುಡ್ಡದ ಕಲ್ಲುಗಳನ್ನೆಲ್ಲ ಬಣ್ಣದಿಂದ ತುಂಬಿ 1981ರಲ್ಲಿ ತೀರಿಕೊಂಡ ನುಕೈನ್ ಮಬೂಜಾ ಎಂಬ ಕಲಾವಿದರ ಬದುಕೇ ಈ ನಾಟಕಕ್ಕೆ ಪ್ರೇರಣೆ. ಲೇಖನದಲ್ಲಿ ಫುಗಾರ್ಡ್ ಅವರ ಹೆಸರು ಹತ್ತಾರು ಸಲ ಬಂದಿದೆ, ಮಬೂಜಾ ಅವರ ಹೆಸರು ಒಮ್ಮೆಯೂ ಬಂದಿಲ್ಲ. ಫುಗಾರ್ಡ್ ಅವರ ಬಗ್ಗೆ ನನಗಿರುವ ಗೌರವ ದೊಡ್ಡದು. ಬಿಳಿಯರಾಗಿದ್ದೂ 1961ರಲ್ಲಿಯೇ ಕರಿಯ ನಟ ಝೇಕ್ಸ್ ಮೊಕೆ ಅವರೊಡನೆ ತಾವೂ ವೇದಿಕೆಯೇರಿ, ಪ್ರಭುತ್ವದ ಸಿಟ್ಟಿಗೆ ಗುರಿಯಾಗಿ, ವರ್ಷಗಟ್ಟಲೆ ಪಾಸ್‌ಪೋರ್ಟ್ ಇಲ್ಲದೆ ಇದ್ದವರು ಅವರು. ಬಂಡೆಗೆ ಕಣ್ಣು ಬರೆಸಿದವನನ್ನು ಮರೆಯಬೇಡಿ ಎಂದು ನಾಟಕದುದ್ದಕ್ಕೂ ಕೇಳಿಕೊಂಡವರೂ ಅವರೇ.

ಆದುದರಿಂದ ಮುಂದಿನ ಪುರವಣಿಯಲ್ಲಿ ಒಂದು ಪುಟ್ಟ ತಿದ್ದುಪಡಿಯಾಗಿಯಾದರೂ ನುಕೈನ್ ಮಬೂಜಾ ಅವರ ಹೆಸರನ್ನು, ಸಾಧ್ಯವಾದರೆ ಅವರ ಬಂಡೆಗಳ ಒಂದು ಚಿತ್ರವನ್ನು, ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ