ಅಜ್ಜ ಬೈಸಿಕೊಂಡ ಶಬ್ದ

ಪುಟ್ಟಿ,

ಪಬ್ಬಿನಲ್ಲಿ ಗಿಟಾರ್ ಬಾರಿಸ್ಲಿಕ್ಕೆ ಯಾವ ಹಳೇ ಆಂಪ್ಲಿಫೈಯರು ತಕೊಳ್ಳುದು ಅಂತ ಕೇಳಿ ನೀನು ಕಳಿಸಿದ ಹನ್ನೊಂದು ಫೋಟೋವೂ ನೋಡಿದೆ. ಮೊಬೈಲಿನಲ್ಲಿ ನೋಡಿದ್ದು ಸಾಕಾಗ್ಲಿಲ್ಲ, ಆಚೆಮನೆ ಹುಡುಗನ ಲ್ಯಾಪ್‌ಟಾಪಿಗೆ ಹಾಕಿಸಿ ದೊಡ್ಡ ಮಾಡಿ ನೋಡಿದ್ದೇನೆ. ಫೋನಲ್ಲಿ ಹೇಳಿದ್ರೆ ನೀನು ಅರ್ಧ ಕೇಳಿ ಹಾಂ ಅಮ್ಮ ಹಾಂ ಅಮ್ಮ ಅಂತ ಇಟ್ಟುಬಿಡ್ತಿ, ಅದಕ್ಕೆ ಕೂತು ಬರೀತಿದ್ದೇನೆ. ಇಲ್ಲಿ ಮಳೆ ಹೊಯ್ತಾ ಉಂಟು, ಕರೆಂಟು ಗಂಟೆಗೆ ನಾಲ್ಕು ಸಲ ಹೋಗ್ತದೆ, ಬರ್ತದೆ. ಅಕ್ಷರ ತಪ್ಪಿದ್ರೆ ಹೊಂದಿಸಿ ಓದು.

ಮೊದಲು ನಂಗೆ ನಗು ಬಂತು ಮಾರಾಯ್ತಿ. ಎಂತಕ್ಕೆ ಅಂದ್ರೆ ಬದಿಯಡ್ಕ ಪೇಟೆಯಲ್ಲಿ ಅಜ್ಜನ ಅಂಗಡಿ ಇದ್ದದ್ದು ನೀನು ಕೇಳಿ ಮಾತ್ರ ಗೊತ್ತು, ನೀನು ಹುಟ್ಟುವಾಗ ಅದಕ್ಕೆ ಬೀಗ ಬಿದ್ದು ಎಷ್ಟೋ ವರ್ಷ ಆಗಿತ್ತು. ಹಗಲು ರೇಡಿಯೋ ರಿಪೇರಿ, ರಾತ್ರಿ ಮೈಕ್ ಸೆಟ್ಟು ಬಾಡಿಗೆಗೆ. ಮದುವೆ, ಕೋಲ, ಯಕ್ಷಗಾನದ ಆಟ, ಇಲೆಕ್ಷನ್ ಜೀಪು ಎಲ್ಲದಕ್ಕೂ ಅದೇ ಒಂದು ಆಂಪ್ಲಿಫೈಯರು, ಟ್ರಾನ್ಸಿಸ್ಟರ್ ಬರುವ ಮೊದಲಿನ ಗಾಜಿನ ವಾಲ್ವುಗಳದ್ದು. ಶಾಲೆ ಬಿಟ್ಟು ಬಂದ ಮೇಲೆ ಸೋಲ್ಡರ್ ಹಾಕ್ಲಿಕ್ಕೆ ಟಾರ್ಚ್ ಹಿಡಿಯುದು ನಾನು. ಆಟದ ದಿನ ಭಾಗವತರು ಏರುಪದಕ್ಕೆ ಹತ್ತಿದ್ರು, ಚೆಂಡೆ ಬಿತ್ತು ಅಂದ್ರೆ ಅಜ್ಜನ ಮುಖ ಸಣ್ಣ ಆಗ್ತಿತ್ತು, ಯಾಕಂದ್ರೆ ಆ ಸೆಟ್ಟಿಗೆ ಅಷ್ಟು ತಡೆಯುದಿಲ್ಲ, ಸ್ವರ ಒರಟಾಗಿ ಹರಿದ ಹಾಗೆ ಕೇಳ್ತಿತ್ತು. ಎದುರು ಚಾಪೆಯಲ್ಲಿ ಕೂತವರು ತಿರುಗಿ "ಎಂತ ಮಾರಾಯ್ರೆ ನಿಮ್ಮ ಮೈಕಾಸುರ" ಅಂತ ಬೈಯ್ಯುದು. ಅಜ್ಜ ಜೀವಮಾನ ಪೂರ್ತಿ ಆ ಹರಿದ ಶಬ್ದವನ್ನು ಓಡಿಸ್ಲಿಕ್ಕೆ ನೋಡಿದ್ದು, ಈಗ ಮೊಮ್ಮಗಳು ಅದೇ ಶಬ್ದಕ್ಕೆ ಎರಡು ಲಕ್ಷದ ಹತ್ರ ಕೊಡ್ಲಿಕ್ಕೆ ಹೊರಟಿದ್ದಾಳೆ!

ತಮಾಷೆ ಅಲ್ಲ, ನಿನ್ನ ಪ್ರಶ್ನೆಗೆ ಉತ್ತರ ಅಲ್ಲೇ ಉಂಟು. ವಾಲ್ವಿಗೆ ತಾಕತ್ತಿಗಿಂತ ಜಾಸ್ತಿ ಕೊಟ್ರೆ ಅದರ ಶಬ್ದ ಟ್ರಾನ್ಸಿಸ್ಟರಿನದ್ದರ ಹಾಗೆ ಒಮ್ಮೆಲೇ ಚಟ್ ಅಂತ ಕಡಿಯುದಿಲ್ಲ, ನಿಧಾನಕ್ಕೆ ಬಗ್ಗುತ್ತಾ ಹೋಗ್ತದೆ. ಮೆಲ್ಲ ಬಾರಿಸಿದ್ರೆ ಕ್ಲೀನು, ಜೋರು ಬಾರಿಸಿದ್ರೆ ಗೊರಗೊರ. ನಿಂಗೆ ಬೇಕಾದ್ದು ಆ ಬಗ್ಗುವ ಜಾಗ. ಆ ಜಾಗ ಪಬ್ಬಿನವ "ಮೇಡಂ ಸೌಂಡ್ ಕಮ್ಮಿ ಮಾಡಿ" ಅಂತ ಓಡಿ ಬರುವ ಮೊದಲು ಸಿಗ್ತದಾ ಇಲ್ವಾ, ಅಷ್ಟೇ ನೋಡ್ಬೇಕಾದ್ದು.

ನಿನ್ನ ಮನಸ್ಸು ಆ ಫೆಂಡರ್ ಟ್ವಿನ್ ರಿವರ್ಬಿನ ಮೇಲೆ ಉಂಟು ಅಂತ ನಂಗೆ ಗೊತ್ತು, ಹನ್ನೊಂದರಲ್ಲಿ ಎಂಟು ಫೋಟೋ ಅದರದ್ದೇ. 85 ವ್ಯಾಟು, ನಾಲ್ಕು 6ಎಲ್6 ವಾಲ್ವು, 12 ಇಂಚಿನ ಎರಡು ಸ್ಪೀಕರು. ಅದು ಬಗ್ಗುವ ಜಾಗಕ್ಕೆ ಬರುವಾಗ ಪಬ್ಬಿನಲ್ಲಿ ಗ್ಲಾಸು ನಿಲ್ಲುದಿಲ್ಲ. ಇನ್ನೊಂದು ಡಿಲಕ್ಸ್ ರಿವರ್ಬು 22 ವ್ಯಾಟು, ಎರಡು 6ವಿ6, 12ರ ಒಂದೇ ಸ್ಪೀಕರು. 22 ಎಲ್ಲಿ 85 ಎಲ್ಲಿ ಅಂತ ನಿಂಗೆ ಕಾಣ್ತದೆ, ಆದ್ರೆ ಕಿವಿಯ ಲೆಕ್ಕ ಬೇರೆ. ಶಬ್ದ ಎರಡರಷ್ಟು ಜೋರು ಅಂತ ಅನಿಸ್ಲಿಕ್ಕೆ ಹತ್ತಿರ ಹತ್ತಿರ ಹತ್ತು ಪಾಲು ವ್ಯಾಟು ಬೇಕು, ನಾಲ್ಕು ಪಾಲಿಗೆ ಆರು ಡೆಸಿಬೆಲ್ ಏರುದು ಅಷ್ಟೇ. ಅಂದ್ರೆ ಟ್ವಿನ್ನು ಡಿಲಕ್ಸಿನ ಎರಡರಷ್ಟೂ ಜೋರಲ್ಲ. ದೊಡ್ಡ ಹಾಲಲ್ಲಿ ಸಾಲದಿದ್ರೆ ಸ್ಪೀಕರಿನ ಎದುರು ಒಂದು ಎಸ್‌ಎಮ್57 ಮೈಕ್ ಇಟ್ಟು ಹಾಲಿನ ಸೌಂಡ್ ಸಿಸ್ಟಮಿಗೆ, ಪಿಎಗೆ, ಕೊಡು, ಅದಕ್ಕೇ ಅಲ್ವಾ ಸೌಂಡಿನವನಿಗೆ ದುಡ್ಡು ಕೊಡುದು.

ಮತ್ತೆ ಭಾರ. ಟ್ವಿನ್ನು 29 ಕಿಲೋ ಹತ್ರ, ಡಿಲಕ್ಸು 19. ನಿಂದು ಮೂರನೇ ಮಾಳಿಗೆ, ಲಿಫ್ಟು ಇಲ್ಲ, ರಾತ್ರಿ ಒಂದು ಗಂಟೆಗೆ ಆಟೋದಿಂದ ಇಳಿಸುದು ಯಾರು? ಡ್ರಮ್ಮಿನ ಹುಡುಗ ಹಿಡೀತಾನೆ ಅಂತ ಹೇಳ್ಬೇಡ, ಅವನಿಗೆ ಅವನ ಡ್ರಮ್ಮೇ ಉಂಟು.

ವಾಕ್ಸ್ ಏಸಿ30 ಸಿಕ್ಕಿದ್ರೆ ಅಂತ ಕೇಳಿದ್ದಿ. ಒಳ್ಳೇದೇ, ಬೀಟಲ್ಸಿನವರ ಕೈಯಲ್ಲಿ ಇದ್ದದ್ದು, ನಾಲ್ಕು ಇಎಲ್84 ವಾಲ್ವು. ಬ್ರಿಟನ್ನಿನ ಮಾಲು ಆದ್ದರಿಂದ ನಮ್ಮ 50 ಹರ್ಟ್ಸಿನ ಕರೆಂಟಿಗೆ ತಕರಾರು ಕಮ್ಮಿ. ಆದ್ರೆ ವಾಲ್ವು ಇಡೀ ಹೊತ್ತು ಕಾದೇ ಇರ್ತದೆ, ಭಾರ ಟ್ವಿನ್ನಿನ ಅಣ್ಣ. ಬಿಡು.

ಈಗ ಆ ಡಿಲಕ್ಸಿನ ವಿಷಯ. ಮಾರುವವ 66ರ ಬ್ಲ್ಯಾಕ್‌ಫೇಸು ಅಂತ ಹೇಳಿದ್ದಾನಲ್ಲ, ಎದುರಿನ ತಗಡು ಕಪ್ಪೇ, ಚಂದವೂ ಉಂಟು. ಆದ್ರೆ ಅವ ಚಾಸಿ, ಅಂದ್ರೆ ಒಳಗಿನ ತಗಡಿನ ತಟ್ಟೆ, ಹೊರಗೆಳೆದು ತೆಗೆದ ಒಂಬತ್ತನೇ ಫೋಟೋದಲ್ಲಿ ವಾಲ್ಯೂಮ್ ಕಂಟ್ರೋಲಿನ ಬೆನ್ನು ಸ್ವಲ್ಪ ಕಾಣ್ತದೆ, ಅದರಲ್ಲಿ 1377314 ಅಂತ ಒತ್ತಿದ್ದಾರೆ. 137 ಅಂದ್ರೆ ಅದನ್ನು ಮಾಡಿದ ಸಿಟಿಎಸ್ ಕಂಪೆನಿ, 73 ಅಂದ್ರೆ ಇಸವಿ, 14 ಅಂದ್ರೆ ಆ ವರ್ಷದ ಹದಿನಾಲ್ಕನೇ ವಾರ. 1973ರಲ್ಲಿ ಹುಟ್ಟಿದ ಕಂಟ್ರೋಲು 66ರ ಸೆಟ್ಟಿಗೆ ಕೂತದ್ದು ಹೇಗೆ? ಒಂದನ್ನು ರಿಪೇರಿಯಲ್ಲಿ ಬದಲಿಸಿರಬಹುದು ಅಂತ ಟ್ರಾನ್ಸ್‌ಫಾರ್ಮರೂ ನೋಡಿದೆ, ಅಲ್ಲಿ 606 ಆದ ಮೇಲೆ 3, ಅದಾದ ಮೇಲೆ ವಾರ. 606 ಶೂಮಾಕರ್‌ನವರದ್ದು, ಟ್ರಾನ್ಸ್‌ಫಾರ್ಮರ್ ಮಾಡುವ ಕಂಪೆನಿ; 3 ಅಂದ್ರೆ ಇಸವಿಯ ಕೊನೇ ಅಂಕೆ, 63 ಆಗ್ಬೇಕು ಇಲ್ಲ 73, ಕಂಟ್ರೋಲಿನ ಜತೆ ಇಟ್ಟು ನೋಡಿದ್ರೆ 73ಏ. ಅಂದ್ರೆ ಇದು 68ರ ನಂತರದ ಸಿಲ್ವರ್‌ಫೇಸು, ಯಾರೋ ಕಪ್ಪು ಮುಖ ಹಾಕಿದ್ದು. ಅವನಿಗೂ ಗೊತ್ತಿಲ್ದೆ ಇರ್ಲಿಕ್ಕೆ ಸಾಕು, ಕಳ್ಳ ಅಂತ ಹೇಳ್ಬೇಡ. ಮೆಲ್ಲ ಆ ನಂಬ್ರ ತೋರಿಸು, ಮತ್ತೆ ರೇಟು ಮಾತಾಡು. ನಿಂಗೆ ನಷ್ಟ ಎಂತದೂ ಇಲ್ಲ, ಒಳಗಿನ ಸರ್ಕ್ಯೂಟಿನಲ್ಲಿ ಗಿಗ್ಗಿಗೆ, ಕಾರ್ಯಕ್ರಮಕ್ಕೆ, ಹೋಗುವವಳಿಗೆ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸ ಇಲ್ಲ. ಕಪ್ಪು ಮುಖಕ್ಕೆ ಹೆಚ್ಚು ಕೊಡುದು ಕಪಾಟಿನಲ್ಲಿ ಇಡುವವರು.

ಟ್ವಿನ್ನಿನವನ ಮೆಸೇಜಿನಲ್ಲಿ ಇನ್ನೊಂದು ಓದಿದೆ, "ಒಂದು ಕಂಡೆನ್ಸರ್ ಕೂಡ ಚೇಂಜ್ ಮಾಡಿಲ್ಲ, ಆಲ್ ಒರಿಜಿನಲ್" ಅಂತ. ಅದನ್ನು ಹೊಗಳಿಕೆ ಅಂತ ಬರ್ದದ್ದು ಅವ! ಪವರ್ ಸಪ್ಲೈಯ ಕರೆಂಟು ತುಂಬಿಡುವ ಇಲೆಕ್ಟ್ರೊಲಿಟಿಕ್ ಕಂಡೆನ್ಸರಿನ ಒಳಗೆ ಪಸೆ ಇರ್ತದೆ, ಅದು ಹದಿನೈದಿಪ್ಪತ್ತು ವರ್ಷದಲ್ಲಿ ಒಣಗಿ ಹೋಗ್ತದೆ. ಐವತ್ತು ವರ್ಷದ ಬಾವಿಹಗ್ಗ ಒರಿಜಿನಲ್ ಅಂತ ಯಾರಾದ್ರೂ ಕೊಡಪಾನ ಇಳಿಸ್ತಾರಾ? ಒಣಗಿದ್ರೆ ಮೊದಲು ಹಮ್ಮಿಂಗು, ಮತ್ತೆ ಒಂದು ದಿನ ಶಾರ್ಟಾಗಿ ಟ್ರಾನ್ಸ್‌ಫಾರ್ಮರನ್ನೂ ತಕ್ಕೊಂಡು ಹೋಗ್ತದೆ. ಟ್ರಾನ್ಸ್‌ಫಾರ್ಮರು ಒರಿಜಿನಲ್ ಇದ್ರೆ ಖುಷಿಪಡು, ಕಂಡೆನ್ಸರು ಒರಿಜಿನಲ್ ಇದ್ರೆ ಅದರ ಖರ್ಚು ಕಳೆದು ಹೇಳು.

ವಯರು ನೋಡು. ಇದು ಎಲ್ಲಕ್ಕಿಂತ ಮೇಲೆ, ಪುಟ್ಟಿ, ಇದನ್ನು ಎರಡು ಸಲ ಓದು. ಹಳೇ ಅಮೆರಿಕನ್ ಸೆಟ್ಟುಗಳಲ್ಲಿ ಕೆಲವಕ್ಕೆ ಎರಡೇ ಪಿನ್ನು, ಅರ್ತ್ ಇಲ್ಲ. ಅಂಥದ್ದರಲ್ಲಿ ಮೈನ್ಸಿನ ಒಂದು ವಯರಿನಿಂದ ಚಾಸಿಗೆ ಒಂದು ಸಣ್ಣ ಕಂಡೆನ್ಸರ್ ಕೊಟ್ಟಿರ್ತಾರೆ, ಹಮ್ಮಿಂಗ್ ಕಮ್ಮಿ ಆಗ್ಲಿಕ್ಕೆ. ಅದು ಶಾರ್ಟಾದ್ರೆ ಚಾಸಿಗೆ ಕರೆಂಟು. ಚಾಸಿಗೆ ಗಿಟಾರಿನ ಕೇಬಲ್ಲು ಸೇರಿದೆ, ಕೇಬಲ್ಲಿಗೆ ತಂತಿ, ತಂತಿಯಲ್ಲಿ ನಿನ್ನ ಬೆರಳು. ಎದುರಿನ ಮೈಕು ಪಿಎಯ ಅರ್ತಿನಲ್ಲಿ ಉಂಟು, ಅದಕ್ಕೆ ನಿನ್ನ ತುಟಿ ತಾಗಿತು ಅಂತ ಇಟ್ಟುಕೊ. ಗಿಟಾರಿಗರು ಆ ಕಂಡೆನ್ಸರಿಗೆ ಡೆತ್ ಕ್ಯಾಪ್ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮೂರು ಪಿನ್ನಿನ ಕೋರ್ಡು ಹಾಕಿಸಿದ್ದಾರಾ, ಆ ಕಂಡೆನ್ಸರ್ ಕಿತ್ತಿದ್ದಾರಾ ಕೇಳು. ಇಲ್ಲದಿದ್ರೆ ಮಾಡಿಸುವವರೆಗೆ ಪ್ಲಗ್ಗೇ ಚುಚ್ಚಬೇಡ.

ಅದು 117 ವೋಲ್ಟಿನ ಸೆಟ್ಟು, ನಮ್ಮದು 230, ಹಾಗಾಗಿ ವೋಲ್ಟು ಇಳಿಸುವ ಸ್ಟೆಪ್‌ಡೌನ್ ಬೇಕೇ ಬೇಕು. ಪೇಟೆಯಲ್ಲಿ ಸಿಗುವ ಸಣ್ಣ ಡಬ್ಬಿಗಳಲ್ಲಿ ಎಷ್ಟೋ ಅರ್ತನ್ನು ಆಚೆ ಕಡೆಗೆ ದಾಟಿಸುದೇ ಇಲ್ಲ, ಮೂರು ಪಿನ್ನು ಹಾಕಿಸಿದ್ದೂ ದಂಡ. ಮೀಟರಿಟ್ಟು ನೋಡು, ಗೋಡೆಯ ಅರ್ತಿನಿಂದ ಚಾಸಿಯವರೆಗೆ ಬೀಪ್ ಅನ್ಬೇಕು. ಸೆಟ್ಟಿನ ಬೆನ್ನಿನಲ್ಲಿ ಬರೆದ ವ್ಯಾಟಿನ ಎರಡರಷ್ಟು ತಡೆಯುವುದನ್ನೇ ತಕೊ, 60 ಹರ್ಟ್ಸಿಗೆ ಮಾಡಿದ ಟ್ರಾನ್ಸ್‌ಫಾರ್ಮರು 50ರಲ್ಲಿ ಸ್ವಲ್ಪ ಜಾಸ್ತಿ ಬಿಸಿ ಆಗ್ತದೆ, ಗಂಟೆಗೊಮ್ಮೆ ಕೈಯಿಟ್ಟು ನೋಡು.

ನೋಡ್ಲಿಕ್ಕೆ ಹೋದಾಗ ಐದು ನಿಮಿಷ ಬಾರಿಸಿ ಖುಷಿಯಾಗಿ ದುಡ್ಡು ಎಣಿಸ್ಬೇಡ. ಅರ್ಧ ಗಂಟೆ ಆದ್ರೂ ಉರಿಯಲಿ, ಕಾದ ಮೇಲೆ ಬರುವ ರೋಗ ಸುಮಾರುಂಟು. ಲೈಟು ಆರಿಸ್ಲಿಕ್ಕೆ ಹೇಳಿ ಹಿಂದಿನಿಂದ ಬಗ್ಗಿ ನೋಡು. ಒಳಗಿನ ತಂತಿ ಕಿತ್ತಳೆ ಬಣ್ಣ ಇದ್ದದ್ದು ಸರಿ, ಗಾಜಿನಲ್ಲಿ ತೆಳು ನೀಲಿ ಬೆಳಕು ಕಂಡ್ರೂ ಹೆದರ್ಬೇಡ. ಆದ್ರೆ ಸುತ್ತಲಿನ ಬೂದು ಬಣ್ಣದ ತಗಡು, ಪ್ಲೇಟು ಅಂತ ಹೇಳುದು, ಅದು ಕೆಂಪಾಗ್ತಾ ಬಂದ್ರೆ ತಕ್ಷಣ ಆಫ್ ಮಾಡಿಸು. ನಾನದನ್ನು ಒಮ್ಮೆ ಕಂಡಿದ್ದೇನೆ, ಕುಂಬಳೆಯ ಹತ್ರ ಒಂದು ಆಟದಲ್ಲಿ, ಬೆಳಗಿನ ಜಾವ. ಗಾಜಿನೊಳಗೆ ಕುಲುಮೆಯಲ್ಲಿಟ್ಟ ಕತ್ತಿ ಕೆಂಪಾದ ಹಾಗೆ ತಗಡು ಕೆಂಪು, ನಂಗೆ ಚಂದ ಕಂಡು ಅಪ್ಪ ಇಲ್ಲಿ ನೋಡಿ ಅಂದೆ, ಅಜ್ಜ ಹಾರಿ ಬಂದು ಸ್ವಿಚ್ಚು ತೆಗೆದ್ರು. ಮಹಿಷಾಸುರ ಎದುರು ಕುಣೀತಾ ಇದ್ದ, ಮೈಕಿಲ್ಲದೆ ಬೊಬ್ಬೆ ಹೊಡೆದ, ಮಕ್ಕಳಿಗೆ ಹೆದರಿಕೆ ಹೆಚ್ಚೇ ಆಯ್ತು.

ಸಣ್ಣ ವಾಲ್ವುಗಳಿಗೆ ಪೆನ್ಸಿಲ್ಲಿನ ಹಿಂಬದಿಯಲ್ಲಿ ಮೆಲ್ಲ ತಟ್ಟು, ಸ್ಪೀಕರಿನಲ್ಲಿ ಗಂಟೆ ಬಾರಿಸಿದ ಹಾಗೆ ಟಿಂಗ್ ಅಂತ ಜೋರು ಬಂದ್ರೆ ಆ ವಾಲ್ವು ಬದಲಿಸ್ಬೇಕು, ದೊಡ್ಡ ಖರ್ಚಲ್ಲ. ರಶ್ಯ, ಸ್ಲೊವಾಕಿಯಾ, ಚೀನಾದಲ್ಲಿ ಹೊಸತು ಮಾಡ್ತಾರೆ. ದೊಡ್ಡ 6ವಿ6 ಜೋಡಿ ಬದಲಿಸಿದ್ರೆ ಮಾತ್ರ ಬಯಾಸ್, ಅಂದ್ರೆ ವಾಲ್ವಿನಲ್ಲಿ ಸುಮ್ಮನೆ ಹರಿಯುವ ಕರೆಂಟಿನ ಮಟ್ಟ, ನೋಡಿಸ್ಬೇಕು. ತಿರುಪು ಕರಕರ ಅಂದ್ರೆ ಧೂಳು, ಸ್ಪ್ರೇ ಹೊಡೆದ್ರೆ ಹೋಗ್ತದೆ. ರಿವರ್ಬು, ಅಂದ್ರೆ ಮಾರ್ದನಿ, ಸ್ಪ್ರಿಂಗಿನದ್ದು, ಪೆಟ್ಟಿಗೆ ಅಲ್ಲಾಡಿಸಿದ್ರೆ ಗುಡುಗಿದ ಹಾಗೆ ಆಗ್ಬೇಕು, ಆದ್ರೆ ಸರಿ ಉಂಟು ಅಂತ ಲೆಕ್ಕ. ವೈಬ್ರಾಟೋ ಅಂತ ಬರೆದದ್ದು ನಿಜವಾಗಿ ಶಬ್ದ ಏರಿಸಿ ಇಳಿಸುದು ಅಷ್ಟೇ, ಡಿಲಕ್ಸಿನಲ್ಲಿ ಅದನ್ನು ಮಾಡುದು ಒಂದು ನಿಯಾನ್ ಬಲ್ಬು, ನಮ್ಮ ಟೆಸ್ಟರಿನೊಳಗೆ ಮಿಣುಕ್ ಅನ್ನುತ್ತದಲ್ಲ, ಅದರದ್ದೇ ಜಾತಿ. ಇದು ತಿಳಿದಾಗ ನಂಗೆ ಅಂಥಾ ಖುಷಿ ಆಯ್ತು, ನಿಂಗೆ ಆಗ್ಲಿಕ್ಕಿಲ್ಲ. ಸ್ಪೀಕರು ಕಳಚಿಟ್ಟು ಮಾತ್ರ ಸೆಟ್ಟು ಆನ್ ಮಾಡ್ಬೇಡ, ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸುಟ್ಟುಹೋಗ್ಲಿಕ್ಕೂ ಸಾಕು. ಸ್ಪೀಕರ್ ಬದಲಿಸಿದ್ರೆ ಡಿಲಕ್ಸಿಗೆ 8 ಓಮ್.

ಒಳಗೆ ಕೈ ಹಾಕ್ಬೇಡ. ಆಫ್ ಮಾಡಿ ಪ್ಲಗ್ ತೆಗೆದ್ರೂ ಕಂಡೆನ್ಸರಿನಲ್ಲಿ 400 ವೋಲ್ಟಿನ ಮೇಲೆ ಕೂತಿರ್ಲಿಕ್ಕೆ ಸಾಕು. ನನ್ನ ಬಲಗೈ ಹೆಬ್ಬೆರಳಿನ ಬಿಳಿ ಕಲೆ ಎಂತದು ಅಂತ ನೀನು ಸಣ್ಣವಳಿರುವಾಗ ಕೇಳ್ತಿದ್ದಿ, ಒಲೆಯದ್ದು ಅಂತ ಸುಳ್ಳು ಹೇಳಿದ್ದೆ. ಹದಿನಾಲ್ಕು ವರ್ಷ ನಂಗೆ, ಪ್ಲಗ್ ತೆಗೆದಿದ್ದೇನೆ ಅಂತ ಧೈರ್ಯದಲ್ಲಿ ಎರಡೂ ಕೈ ಹಾಕಿದೆ, ಬೆಂಚಿನಿಂದ ಗೋಡೆಗೆ ಬಿದ್ದೆ. ಅಜ್ಜ ಬೈಯ್ಲಿಲ್ಲ. ಮರುದಿನದಿಂದ ಒಂದು ವಾರ ಅಂಗಡಿಗೆ ಹೋದ ಕೂಡ್ಲೆ ನನ್ನ ಎಡಗೈಯನ್ನು ಬೈರಾಸಿನಲ್ಲಿ ಬೆನ್ನ ಹಿಂದೆ ಕಟ್ಟಿ, ಒಂದೇ ಕೈಯಲ್ಲಿ ಕೆಲಸ ಮಾಡಿಸಿದ್ರು. ಎರಡು ಕೈ ಹಾಕಿದ್ರೆ ಕರೆಂಟು ಎದೆ ದಾಟಿ ಹೋಗ್ತದೆ, ಒಂದಾದ್ರೆ ಆ ದಾರಿ ಸಿಗುದಿಲ್ಲ. ಈಗಲೂ ಮಿಕ್ಸಿ ಬಿಚ್ಚುವಾಗ ನನ್ನ ಎಡಗೈ ತನ್ನಷ್ಟಕ್ಕೆ ಹಿಂದೆ ಹೋಗ್ತದೆ.

ಒಂದು ಹೇಳ್ತೇನೆ, ನಿಂಗೆ ಗೊತ್ತಿರ್ಲಿಕ್ಕೂ ಸಾಕು. ಲಿಯೋ ಫೆಂಡರಿಗೆ ಗಿಟಾರ್ ಬಾರಿಸ್ಲಿಕ್ಕೆ ಬರ್ತಿರ್ಲಿಲ್ಲ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ಹಾಕಿದ ಮನುಷ್ಯ ಅವ. ಲಂಡನ್ನಿನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ಲು 1962ರ ಹೊತ್ತಿಗೆ ಅವನ ಬಾಸ್‌ಮ್ಯಾನ್ ಸೆಟ್ಟನ್ನೇ ನೋಡಿ ತನ್ನದು ಮಾಡಿದ್ದು. ನಮ್ಮ ಬದಿಯಡ್ಕದಲ್ಲಿ ಗಿಟಾರಿಗರು ಇದ್ದಿದ್ರೆ ಅಂತ ಒಂದು ಕ್ಷಣ ಕಂಡಿತು. ಇರ್ಲಿ.

ಡಿಲಕ್ಸೇ ತಕೊ, 73ರ ಸೆಟ್ಟಿನ ರೇಟಿಗೆ. ಕೊಂಡ ಮೇಲೆ ಗಿಗ್ಗಿಗೆ ಒಯ್ಯುವ ಮೊದಲು ಕಣ್ಣೂರು ರೈಲಿನಲ್ಲಿ ಇಲ್ಲಿಗೆ ತಾ, ವಾಲ್ವು ಕಳಚಿ ಬೇರೆ ಬಟ್ಟೆಯಲ್ಲಿ ಸುತ್ತು, ಯಾವುದು ಎಲ್ಲಿಯದು ಅಂತ ಫೋಟೋ ಹೊಡೆದಿಡು. ಸ್ಟೇಶನ್ನಿಗೆ ನಾನೇ ಆಟೋ ತರ್ತೇನೆ. 500 ವೋಲ್ಟಿನ ಹೊಸ ಕಂಡೆನ್ಸರುಗಳನ್ನು ನೀನು ಅಲ್ಲಿಂದ ಆರ್ಡರ್ ಮಾಡು, ಹಾಕುದು ನಾನು. ಮಳೆ ಬಿಟ್ಟ ಮೇಲೆ ಬಾ ಆಯ್ತಾ, ಆ ಸೆಟ್ಟುಗಳ ಒಳಗಿನ ಕಪ್ಪು ರಟ್ಟಿನ ಬೋರ್ಡು ಪಸೆ ಹೀರಿದ್ರೆ ಇಲ್ಲದ ಕಡೆಗೆಲ್ಲ ವೋಲ್ಟು ಹರೀತದೆ, ನಮ್ಮ ಆಟಿ ತಿಂಗಳಲ್ಲಿ ಹಪ್ಪಳಕ್ಕೇ ಬೂಸ್ಟು ಬರ್ತದೆ ಇನ್ನು ಅದಕ್ಕೆ ಬಾರದಿರ್ತದಾ.

ಅಟ್ಟದ ಟ್ರಂಕಿನಲ್ಲಿ ಅಜ್ಜನ ಎರಡು ಇಸಿಸಿ83 ಉಂಟು, ಬೆಂಗಳೂರಿನ ಬಿಇಎಲ್‌ನವರು ಮಾಡಿದ್ದು, ಡಬ್ಬಿಯಿಂದ ಹೊರಗೇ ತೆಗೀಲಿಲ್ಲ. ನಿನ್ನ ಸೆಟ್ಟಿನ 12ಎಎಕ್ಸ್7 ಅಂದ್ರೆ ಅದೇ, ಹೆಸರು ಬೇರೆ. ಒಂದನ್ನು ಮೊದಲನೇ ಸಾಕೆಟ್ಟಿಗೆ ಹಾಕಿ ನೋಡುವ.

ಅಮ್ಮ

ಹಲಸಿನ ಹಪ್ಪಳ ಕಳಿಸಿದ್ದೇನೆ. ಡಬ್ಬದ ಅಡಿಯಲ್ಲಿ ಒಂದು ಮೀಟರ್ ಉಂಟು, ಅಂಗಡಿಯವ ಎಂತ ಹೇಳಿದ್ರೂ ಅರ್ತು ನೀನೇ ನೋಡು.