ಖಡೇಬಜಾರಿನಲ್ಲಿ ಸಿಕ್ಕ ಕಾಕಾ ಅವರಿಗೆ

ಕಾಕಾ, ಬೆಳಗಾವಿಯ ಖಡೇಬಜಾರಿನ ಅಂಗಡಿಯಲ್ಲಿ ಅಷ್ಟು ಹೊತ್ತು ಮಾತಾಡಿದರೂ ನಿಮ್ಮ ಹೆಸರು ಕೇಳೋದನ್ನೇ ಮರೆತೆ. ಅದಕ್ಕೇ ಇಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದೇನೆ.

ನನ್ನ ಎಲೆಕ್ಟ್ರಿಕ್ ಗಿಟಾರಿನ ಮೊದಲನೇ ತಂತಿ ವಾರಕ್ಕೊಮ್ಮೆ ಹರಿಯುತ್ತಿತ್ತು. ಗಣಪತಿ ಹಬ್ಬದ ಕಾರ್ಯಕ್ರಮದಲ್ಲಂತೂ ಹಾಡಿನ ನಡುವೆಯೇ ಟಪ್ ಅಂತು. ತಂತಿಯನ್ನೇ ಬೈಕೊಂಡು ಹೊಸ ಸೆಟ್ ಕೊಳ್ಳಲು ಬಂದಿದ್ದೆ. ನೀವು ಕೇಳಿದ್ದು ಒಂದೇ: "ತಮ್ಮಾ, ಎಲ್ಲಿ ಹರದೈತಿ ನೋಡಿಯೇನು?" ನೋಡಿರಲಿಲ್ಲ. ಹರಿದದ್ದೆಲ್ಲ ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳನ್ನು ಹೊರುವ ಭಾಗ) ಹತ್ತಿರ, ತಂತಿ ಸ್ಯಾಡಲ್ ಅನ್ನೋ ಪುಟ್ಟ ತುಂಡಿನ ಮೇಲೆ ಬಾಗುವ ಜಾಗದಲ್ಲೇ. ನೀವು ಚೂರು ಹತ್ತಿ ತಗೊಂಡು ಅಲ್ಲಿ ಸವರಿದಿರಿ. ಎಳೆ ಸಿಕ್ಕಿಕೊಂಡಿತು. ಕಣ್ಣಿಗೇ ಕಾಣದ ಮುಳ್ಳು!

ಮಿರಜಿನಲ್ಲಿ ಸಿತಾರ ಕೆಲಸ ಕಲಿತವರು ನೀವು ಅಂತ ಆಮೇಲೆ ಗೊತ್ತಾಯ್ತು. ಸಿತಾರದ ಬ್ರಿಡ್ಜ್ ಉಜ್ಜಿ ನಾದ ಬಿಡಿಸೋದಕ್ಕೆ ಜವಾರಿ ಅಂತಾರೆ ಅಂದಿರಿ. ನನಗೆ ಜವಾರಿ ಕೋಳಿ ನೆನಪಾಗಿ ನಕ್ಕುಬಿಟ್ಟೆ, ಕ್ಷಮಿಸಿ.

ಹೊಸ ಸ್ಯಾಡಲ್ ಕೊಳ್ಳುವ ಮೊದಲು ತಂತಿಗಳ ನಡುವಿನ ಅಂತರ ಅಳೆ ಅಂದಿರಲ್ಲ, ಅದು ದುಡ್ಡು ಉಳಿಸಿತು. ನನ್ನದು 10.5 ಮಿ.ಮೀ., ನಾನು ಆರಿಸಿಟ್ಟಿದ್ದು 10.8ರ ಸೆಟ್. ಈಗ ಗ್ರಾಫೈಟ್ ಬೆರೆಸಿದ ಸ್ಯಾಡಲ್ ಹಾಕಿದ್ದೇನೆ. ಉಕ್ಕಿನದಕ್ಕಿಂತ ನಾದ ತುಸು ಮೆದು, ಕಿವಿಗೆ ಚುಚ್ಚಲ್ಲ. ತಂತಿ ಇನ್ನೂ ಹರಿದಿಲ್ಲ. ಗಿಟಾರಿನ ಕುತ್ತಿಗೆಯ ಹನ್ನೆರಡನೇ ಅಡ್ಡಪಟ್ಟಿ, ಅಂದರೆ ಫ್ರೆಟ್‌ನಲ್ಲಿ ಶ್ರುತಿ ಕೂಡಿಸಲು ಮಾತ್ರ ಅರ್ಧ ದಿನ ಹೋಯ್ತು.

ಹಳೇ ಸ್ಯಾಡಲ್‌ಗಳನ್ನೂ ನೀವು ಹೇಳಿದಂತೆ 1200 ನಂಬರಿನ ವಾಟರ್ ಪೇಪರ್‌ನಲ್ಲಿ ಉಜ್ಜಿಟ್ಟಿದ್ದೇನೆ. ನೀವು ದುಡ್ಡು ಮುಟ್ಟಲಿಲ್ಲ. ಅಂಗಡಿಯಲ್ಲಿ ಒಂದು ಡಬ್ಬಿ ಕುಂದಾ ಕೊಟ್ಟು ಬಂದಿದ್ದೆ, ಸಿಕ್ಕಿತಾ?